ಆಗಸ್ಟ್‌ನಲ್ಲಿ ಶ್ರೀಲಂಕಾ: ಕಾಡು, ಬೆಟ್ಟ, ಕಡಲು ಮೂರೂ ನೋಡೋಕೆ ಆಗುತ್ತಾ?

ಅಲೆಮಾರಿ: ಆಗಸ್ಟ್‌ನಲ್ಲಿ ಒಂದು ವಾರ ಶ್ರೀಲಂಕಾಕ್ಕೆ ಹೊರಟಿದ್ದೇವೆ. ಶಾಪಿಂಗ್ ಏನೂ ಬೇಡ, ಬರೀ ಕಾಡುಮೇಡು ಸುತ್ತಬೇಕು. ಸಿಂಹರಾಜ ಮಳೆಕಾಡು, ಬೆಟ್ಟದ ಮೇಲಿನ ಹಾರ್ಟನ್ ಪ್ಲೇನ್ಸ್ ಬಯಲು, ದಕ್ಷಿಣ ಕರಾವಳಿಯ ಮಿರಿಸ್ಸಾದಲ್ಲಿ ನೀಲಿ ತಿಮಿಂಗಿಲ, ಇಷ್ಟು ಅಂದುಕೊಂಡಿದ್ದೇವೆ. ಆಗ ಮಳೆಗಾಲ ಅಂತ ಕೆಲವರು ಹೇಳುತ್ತಾರೆ, ಬಿಸಿಲು ಅಂತ ಇನ್ನು ಕೆಲವರು. ಯಾವುದು ಸರಿ?

ಕೆರೆದಂಡೆ: ಎರಡೂ ಸರಿ. ನಡುವೆ ಬೆಟ್ಟಗಳಿವೆ ಅಲ್ವಾ, ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರು ಅವುಗಳ ಪಶ್ಚಿಮಕ್ಕೆ, ದಕ್ಷಿಣಕ್ಕೆ ಸುರಿದುಬಿಡುತ್ತದೆ, ಪೂರ್ವದ ಕಡೆ ಒಣಗಿರುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಉಲ್ಟಾ. ಹಾಗಾಗಿ ಮಿರಿಸ್ಸಾ ಈ ಸಲ ಬಿಡಿ, ಆಗ ಅಲ್ಲಿ ಕಡಲು ಒರಟು. ತಿಮಿಂಗಿಲಕ್ಕೆ ಬದಲಿಗೆ ಪೂರ್ವ ಕರಾವಳಿಯ ಟ್ರಿಂಕೋಮಲಿಗೆ ಹೋಗಿ.

ದಾರಿಯಲ್ಲಿ ಮಿನ್ನೇರಿಯಾ ಮಾತ್ರ ತಪ್ಪಿಸಬೇಡಿ. ಮಹಾಸೇನ ರಾಜ 3ನೇ ಶತಮಾನದಲ್ಲಿ ಕಟ್ಟಿಸಿದ ಕೆರೆ ಅದು. ಅಲ್ಲಿನ ಈ ಒಣಗಾಲದಲ್ಲಿ ನೀರು ಹಿಂದೆ ಸರಿದಂತೆ ಅಂಗಳದಲ್ಲಿ ಎಳೆ ಹುಲ್ಲು ಬರುತ್ತದೆ, ಅದಕ್ಕೆ ಆನೆಗಳು ಹಿಂಡು ಹಿಂಡಾಗಿ ಬಂದು ಸೇರುತ್ತವೆ, ಸಂಜೆ ಹೊತ್ತಿಗೆ ನೂರಾರು. ಸುಮ್ನೆ ಒಂದೇ ಆನೆ ನೋಡುತ್ತಾ ಕೂತರೂ ಸಾಕು: ಕಾಲುಗುರಿನಿಂದ ಹುಲ್ಲು ಕೆದಕಿ, ಸೊಂಡಿಲಲ್ಲಿ ಕಟ್ಟು ಮಾಡಿ, ಮಣ್ಣು ಉದುರಲಿ ಅಂತ ಕಾಲಿಗೆ ಬಡಿದು, ಆಮೇಲೆ ಬಾಯಿಗಿಡುತ್ತದೆ. ಆದರೆ ಕೆರೆಗೆ ನೀರು ಜಾಸ್ತಿ ಬಿಟ್ಟ ವರ್ಷ ಹುಲ್ಲೆಲ್ಲ ಮುಳುಗುತ್ತದೆ. ಆಗ ಆನೆಗಳು ಪಕ್ಕದ ಕೌಡುಲ್ಲಾ ರಾಷ್ಟ್ರೀಯ ಉದ್ಯಾನದ ಕಡೆಗೂ ಹೋಗಿರಬಹುದು. ಜೀಪಿನವರನ್ನು ಅವತ್ತೇ ಕೇಳಿ ಹೊರಡಿ.

ಹಸಿರುದಾರಿ: ಆದರೆ ಮಳೆ ಅಂತ ಸಿಂಹರಾಜ ಮಾತ್ರ ಬಿಡಬೇಡಿ. ಅದು ಮಳೆಕಾಡು, ಒಣಗೋದೇ ಕಡಿಮೆ! 1988ರಿಂದ ವಿಶ್ವ ಪರಂಪರೆ ತಾಣ. ಅಲ್ಲಿ ಬೇರೆ ಬೇರೆ ಜಾತಿಯ ಹಕ್ಕಿಗಳು ಒಂದೇ ಗುಂಪಾಗಿ ಹೊರಡುತ್ತವೆ. ಕಿತ್ತಳೆ ಕೊಕ್ಕಿನ ಹರಟೆಮಲ್ಲಗಳು ಎಲೆ ಕೆದಕುತ್ತಾ ಹುಳ ಎಬ್ಬಿಸುತ್ತವೆ, ಕಾಜಾಣ ಮೇಲಿಂದ ಎಗರಿ ಹಿಡಿಯುತ್ತದೆ. ಅರ್ಧ ಗಂಟೆ ಕಾಡೆಲ್ಲ ಮೌನ, ಆಮೇಲೆ ಒಮ್ಮೆಲೇ ತಲೆ ಮೇಲೆ ಗದ್ದಲ. ಇದಕ್ಕೋಸ್ಕರ ನೆನೆಯಬಹುದು ರೀ. ಇಂಬಳದ ಕಾಟ ಇದ್ದೇ ಇರುತ್ತದೆ, ಮೊಣಕಾಲುವರೆಗಿನ ಇಂಬಳದ ಸಾಕ್ಸ್ ತಗೊಳ್ಳಿ.

ಅಲೆಮಾರಿ: ಸರಿ, ಮಿರಿಸ್ಸಾ ಬಿಟ್ಟೆವು. ಹಾರ್ಟನ್ ಪ್ಲೇನ್ಸ್?

ಕೆರೆದಂಡೆ: ಹೋಗಿ, ಆದರೆ ಬೆಳಗ್ಗೆ ಗೇಟು ತೆರೆಯುವ ಹೊತ್ತಿಗೇ ಅಲ್ಲಿರಬೇಕು. 2,000 ಮೀಟರಿಗೂ ಎತ್ತರ, ಚಳಿ ಚೆನ್ನಾಗಿರುತ್ತದೆ, ಸ್ವೆಟರ್ ಮರೆಯಬೇಡಿ. ವರ್ಲ್ಡ್ಸ್ ಎಂಡ್‌ನ ಪ್ರಪಾತ ಸುಮಾರು 870 ಮೀಟರ್, ಒಂಬತ್ತು ಹತ್ತರ ಮೇಲೆ ಮಂಜು ಮುಚ್ಚಿದರೆ ಬರೀ ಬಿಳಿ ಗೋಡೆ. ಕಡವೆಗಳು ಹತ್ತಿರ ಬರುತ್ತವೆ, ದಯವಿಟ್ಟು ತಿನ್ನೋಕೆ ಏನೂ ಕೊಡಬೇಡಿ. ಒಂದು ವಾರಕ್ಕೆ ಇಷ್ಟೇ ಜಾಸ್ತಿ, ಯಾಲಾ ರಾಷ್ಟ್ರೀಯ ಉದ್ಯಾನವನ್ನೂ ಸೇರಿಸೋಕೆ ಹೋಗಬೇಡಿ.