ಮಗಳ ಹೊಸ ಕಾಂಪೌಂಡ್ ಬಿಲ್ಲಿಗೆ ಯಾವ ಬಾಣ?

ಪ್ರಶ್ನೆ: ನಮಸ್ಕಾರ ಸರ್. ನನ್ನ ಮಗಳಿಗೆ 15 ವರ್ಷ. ಎರಡು ವರ್ಷ ಇಂಡಿಯನ್ ರೌಂಡ್ (ಬಿದಿರಿನ ಬಿಲ್ಲಿನ ಸ್ಪರ್ಧೆ) ಆಡಿ ಈಗ ಕಾಂಪೌಂಡ್‌ಗೆ (ತುದಿಗಳಲ್ಲಿ ತಿರುಗುವ ಚಕ್ರಗಳಿರುವ ಬಿಲ್ಲು) ಬಂದಿದ್ದಾಳೆ. ಹೋದ ವಾರ ಬಿಲ್ಲು ಬಂತು. 30ರಿಂದ 50 ಪೌಂಡ್‌ವರೆಗೆ ಹೊಂದಿಸಬಹುದು, ಸದ್ಯ 40ಕ್ಕೆ ಇಟ್ಟಿದ್ದೇವೆ. ಡ್ರಾ ಲೆಂತ್ (ಹೆದೆ ಎಳೆಯುವ ಉದ್ದ) 26 ಇಂಚು. 50 ಮೀಟರ್ ಆಡಬೇಕು ಅಂತ ಅವಳ ಆಸೆ. ಅಂಗಡಿಯವರು 30 ಇಂಚಿನ, 300 ಸ್ಪೈನ್ ಕಾರ್ಬನ್ ಬಾಣ ಒಂದು ಡಜನ್ ತಗೊಳ್ಳಿ, ಗಟ್ಟಿ ಇದ್ದಷ್ಟೂ ಒಳ್ಳೇದು ಅನ್ನುತ್ತಿದ್ದಾರೆ. ತಗೊಳ್ಳಲಾ? ಅವು ಬರೋವರೆಗೆ ಅವಳ ಹಳೆ ಬಿದಿರಿನ ಬಾಣಗಳಲ್ಲೇ ಪ್ರಾಕ್ಟೀಸ್ ಮಾಡಬಹುದಾ?

ಉತ್ತರ (ತರಬೇತುದಾರರು): ನಮಸ್ಕಾರ. ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಯಾಕೆಂದರೆ ಅದು ಕೈಬೆರಳಿನ ವಿಷಯ. ಬಿದಿರು, ಮರದ ಬಾಣ ಕಾಂಪೌಂಡ್‌ಗೆ ಬೇಡವೇ ಬೇಡ. ಕ್ಯಾಮ್, ಅಂದರೆ ಬಿಲ್ಲಿನ ತುದಿಯ ಚಕ್ರ, ತಿರುಗಿ ಹೆದೆ ಮುಂದೆ ನುಗ್ಗುವ ರಭಸಕ್ಕೆ ಮರದ ಕಡ್ಡಿ ಸೀಳಿಹೋಗಬಹುದು. ಸೀಳಿದ ತುಂಡು ಬಿಲ್ಲು ಹಿಡಿದ ಕೈಗೇ ಹೊಕ್ಕುತ್ತದೆ. ಬಾಣ ಇಲ್ಲ ಅಂತ ಸುಮ್ನೆ ಹೆದೆ ಎಳೆದು ಬಿಡುವುದೂ ಬೇಡ. ಬಾಣ ಹೊತ್ತೊಯ್ಯಬೇಕಾದ ಶಕ್ತಿ ಆಗ ಲಿಂಬ್ (ಬಿಲ್ಲಿನ ಬಾಗುವ ತೋಳು), ಕ್ಯಾಮ್, ಹೆದೆಯ ಮೇಲೇ ಬೀಳುತ್ತದೆ. ಹೊಸ ಬಿಲ್ಲು ಒಂದೇ ಸಲಕ್ಕೆ ಹಾಳಾಗಬಹುದು.

ಈಗ ಆ 300 ಸ್ಪೈನ್. ಸ್ಪೈನ್ ಅಂದರೆ ಶಾಫ್ಟ್ (ಬಾಣದ ಕಡ್ಡಿ) ಎಷ್ಟು ಬಾಗುತ್ತದೆ ಅನ್ನುವ ಅಳತೆ. 28 ಇಂಚು ಅಂತರದ ಎರಡು ಆಸರೆಗಳ ಮೇಲೆ ಶಾಫ್ಟ್ ಇಟ್ಟು, ನಡುವೆ 1.94 ಪೌಂಡ್, ಅಂದರೆ 880 ಗ್ರಾಂ ತೂಕ ತೂಗುಹಾಕುತ್ತಾರೆ. ಅರ್ಧ ಇಂಚು ಬಾಗಿದರೆ ಅದು 500. ಸಂಖ್ಯೆ ಕಡಿಮೆ ಆದಷ್ಟೂ ಬಾಣ ಗಟ್ಟಿ. 300 ಅನ್ನುವುದು 70 ಪೌಂಡ್ ಎಳೆಯುವ ದೊಡ್ಡವರ ಬೇಟೆ ಬಿಲ್ಲಿಗೆ ಹೊಂದುವ ಬಾಣ. ಅಮೆರಿಕದ ಬೇಟೆ ವಿಡಿಯೋಗಳಲ್ಲಿ ಅದನ್ನೇ ಹೊಗಳುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ವನ್ಯಪ್ರಾಣಿಗಳ ಬೇಟೆ ನಿಷಿದ್ಧ. ಅಲ್ಲಿಯ ಸಲಹೆ ನಿಮ್ಮ ಮಗಳ ಗುರಿಹಲಗೆಗೆ ಹೊಂದುವುದಿಲ್ಲ.

ಗಟ್ಟಿ ಇದ್ದಷ್ಟೂ ಒಳ್ಳೇದು ಅನ್ನುವುದರಲ್ಲಿ ಅರ್ಧ ಸತ್ಯ ಇದೆ. ರಿಲೀಸ್ (ಹೆದೆ ಬಿಡುವ ಕೈಸಾಧನ) ಹಿಡಿದು ಬಿಡುವ ಕಾಂಪೌಂಡ್‌ನಲ್ಲಿ ಬಾಣ ಸ್ವಲ್ಪ ಗಟ್ಟಿಯಾದರೆ ನಡೆಯುತ್ತದೆ, ಮೆತ್ತಗಾದರೆ ನಡೆಯುವುದಿಲ್ಲ. ಸ್ವಲ್ಪ ಗಟ್ಟಿ ಅಂದರೆ ಒಂದು ಮೆಟ್ಟಿಲು ಅಷ್ಟೇ. 40 ಪೌಂಡ್‌ಗೆ, 27 ಇಂಚಿನ ಬಾಣಕ್ಕೆ ಚಾರ್ಟ್‌ಗಳು ಸುಮಾರು 600 ತೋರಿಸುತ್ತವೆ. ಇನ್ನು ಆರು ತಿಂಗಳಲ್ಲಿ 45–50 ಪೌಂಡ್‌ಗೆ ಏರಿಸುವ ಯೋಚನೆ ಇದ್ದರೆ 500ರ ಕಡೆ ನೋಡಿ. ಯಾವ ಶಾಫ್ಟ್ ಕೊಳ್ಳುತ್ತೀರೋ ಅದನ್ನು ಮಾಡಿದ ಕಂಪನಿಯ ಚಾರ್ಟ್ ನೋಡಿಯೇ ತೀರ್ಮಾನಿಸಿ.

ಉದ್ದಕ್ಕೆ ಅಂದಾಜು ಬೇಡ. ಉದ್ದನೆಯ ಬಾಣ ಹೂಡಿ, ಹಲಗೆಗೆ ಮುಖ ಮಾಡಿ ಪೂರ್ತಿ ಎಳೆಯಲಿ. ನೀವು ಪಕ್ಕದಲ್ಲಿ ನಿಂತು ರೆಸ್ಟ್ (ಬಿಲ್ಲಿನಲ್ಲಿ ಬಾಣ ಕೂರುವ ಆಸರೆ) ಇರುವ ಜಾಗಕ್ಕೆ ಗುರುತು ಹಾಕಿ, ಮುಂದೆ ಹೋಗಬೇಡಿ. ಗುರುತಿನಿಂದ ಒಂದು ಇಂಚು ಮುಂದಕ್ಕೆ ಇರಲಿ. ಅವಳು ಇನ್ನೂ ಬೆಳೆಯುವ ಹುಡುಗಿ ಅಲ್ವಾ, ಇನ್ನೊಂದು ಇಂಚು ಹೆಚ್ಚು ಬಿಟ್ಟರೂ ಸರಿ. ಕತ್ತರಿಸಿದ್ದನ್ನು ಮತ್ತೆ ಸೇರಿಸಲು ಆಗುವುದಿಲ್ಲ. ಬಾಣ ಗಿಡ್ಡವಾಗಿ ರೆಸ್ಟ್‌ನಿಂದ ಹಿಂದಕ್ಕೆ ಜಾರಿದರೆ ಮಾತ್ರ ದೊಡ್ಡ ಅಪಾಯ. ಒಂದು ಮಾತು ನೆನಪಿಡಿ: ಉದ್ದ ಹೆಚ್ಚಾದರೂ, ಮೊನೆಯ ತೂಕ ಹೆಚ್ಚಾದರೂ ಅದೇ ಶಾಫ್ಟ್ ಮೆತ್ತಗೆ ವರ್ತಿಸುತ್ತದೆ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್ ಸರ್. ಒಂದು ಗೊಂದಲ. ಪೂರ್ತಿ ಎಳೆದ ಮೇಲೆ ಕೈಗೆ 10 ಪೌಂಡ್ ಅಷ್ಟೇ ಭಾರ ಅನ್ನುತ್ತಾಳೆ. ಚಾರ್ಟ್‌ನಲ್ಲಿ 10 ನೋಡಬೇಕಾ, 40 ನೋಡಬೇಕಾ? ಹಗುರ ಬಾಣ ತಗೊಂಡರೆ ವೇಗ ಜಾಸ್ತಿ ಸಿಗುತ್ತದೆ ಅಂತಾರಲ್ಲ?

ಉತ್ತರ: 40 ನೋಡಿ. ಕ್ಯಾಮ್ ತಿರುಗಿದ ಮೇಲೆ ಭಾರ ಇಳಿಯುತ್ತದೆ. 75 ಶೇಕಡ ಇಳಿದರೆ 40ರಲ್ಲಿ 10 ಉಳಿಯುತ್ತದೆ. ಅದು ಗುರಿ ಹಿಡಿಯುವಾಗ ಕೈಗೆ ಸಿಗುವ ಆರಾಮ. ಬಾಣವನ್ನು ತಳ್ಳುವಾಗ ಬಿಲ್ಲು ಮತ್ತೆ ಪೂರ್ತಿ 40ಕ್ಕೆ ಏರಿಯೇ ತಳ್ಳುತ್ತದೆ.

ಹಗುರಕ್ಕೂ ಮಿತಿ ಇದೆ. ಸಾಮಾನ್ಯವಾಗಿ ಬಿಲ್ಲಿನ ಒಂದು ಪೌಂಡ್‌ಗೆ ಬಾಣದ ತೂಕ ಕನಿಷ್ಠ 5 ಗ್ರೇನ್ (ಬಾಣ ತೂಗುವ ಚಿಕ್ಕ ಅಳತೆ) ಇರಬೇಕು. ನಿಮ್ಮ ಬಿಲ್ಲಿನ ಪುಸ್ತಕದಲ್ಲಿ ಬರೆದ ಮಿತಿಯನ್ನೂ ನೋಡಿ. 40ಕ್ಕೆ 200 ಗ್ರೇನ್, 50ಕ್ಕೆ ಏರಿಸಿದ ದಿನ 250 ಗ್ರೇನ್, ಅಂದರೆ ಸುಮಾರು 16 ಗ್ರಾಂ. ಲೆಕ್ಕ ಸುಲಭ. ಇಂಚಿಗೆ 7 ಗ್ರೇನ್ ತೂಗುವ ಶಾಫ್ಟ್ 27 ಇಂಚಿಗೆ 189. ಮೊನೆ 100. ನಾಕ್ (ಹೆದೆಗೆ ಕೂರುವ ಹಿಂತುದಿ), ಇನ್ಸರ್ಟ್ (ಮೊನೆ ಕೂರುವ ತುಂಡು), ವೇನ್ (ಬಾಣದ ರೆಕ್ಕೆ) ಸೇರಿ ಸುಮಾರು 35. ಒಟ್ಟು 324. ಇದು 50 ಪೌಂಡ್‌ಗೂ ಸಾಕು. ನನ್ನ ಸಲಹೆ ಇದೇ.

ಇನ್ನೊಬ್ಬ ಸದಸ್ಯರು: ಸರ್, ದಪ್ಪ ಬಾಣ ಗೆರೆ ಮುಟ್ಟಿ ಒಂದೆರಡು ಪಾಯಿಂಟ್ ಹೆಚ್ಚು ಕೊಡುತ್ತದೆ ಅಂತ ಕೇಳಿದ್ದೆ. ಅವಳಿಗೂ ಅದನ್ನೇ ಕೊಡಿಸಬಹುದಲ್ಲ?

ಉತ್ತರ: ಒಳಾಂಗಣದ 18 ಮೀಟರ್‌ನಲ್ಲಿ ನಿಜ. ಅದಕ್ಕೇ ವರ್ಲ್ಡ್ ಆರ್ಚರಿ ನಿಯಮದಲ್ಲಿ ಶಾಫ್ಟ್ ದಪ್ಪಕ್ಕೆ 9.3 ಮಿಲಿಮೀಟರ್ ಮಿತಿ ಇದೆ. ಬಯಲಿನಲ್ಲಿ 50 ಮೀಟರ್, 72 ಬಾಣ ಬಿಡುವಾಗ ಗಾಳಿ ಬೀಸುತ್ತದೆ. ದಪ್ಪ ಬಾಣವನ್ನು ಗಾಳಿ ಜಾಸ್ತಿ ತಳ್ಳುತ್ತದೆ. ಅವಳಿಗೆ ತೆಳು ಶಾಫ್ಟೇ ಸರಿ.

ಪ್ರಶ್ನೆ ಕೇಳಿದವರು: ದುಬಾರಿ .001 ಇಂಚು ನೇರತನದ್ದೇ (ಅಷ್ಟೇ ಸೊಟ್ಟ ಇರುವುದು) ಬೇಕಾ ಸರ್? ಬೆಲೆ ನೋಡಿ ಗಾಬರಿಯಾಯಿತು.

ಉತ್ತರ: ಈಗ ಬೇಡ. .006 ಅಂತ ಬರೆದಿರುವುದು ಮೊದಲ ವರ್ಷಕ್ಕೆ ಧಾರಾಳ ಸಾಕು. ಮಕ್ಕಳು ಬಾಣ ಕಳೆಯುತ್ತಾರೆ, ಮುರಿಯುತ್ತಾರೆ. ಅವಳು ಭಯವಿಲ್ಲದೆ ಬಿಡಬೇಕು, ಅದು ಮುಖ್ಯ. ಉಳಿದ ದುಡ್ಡಲ್ಲಿ ಒಂದು ಡಜನ್ ಹೆಚ್ಚುವರಿ ನಾಕ್ ತಗೊಳ್ಳಿ. ನಾಕ್ ಹೆದೆಗೆ ಟಕ್ ಅಂತ ಕೂರಬೇಕು, ಹೆದೆಗೆ ಮೆಲ್ಲಗೆ ತಟ್ಟಿದರೆ ಬಿಟ್ಟು ಬರಬೇಕು.

ಕಾರ್ಬನ್ ಬಾಣಕ್ಕೆ ಒಂದು ಅಭ್ಯಾಸ ಮೊದಲ ದಿನದಿಂದಲೇ ಮಾಡಿಸಿ. ಹಲಗೆಯಿಂದ ಕಿತ್ತ ಪ್ರತಿ ಬಾಣವನ್ನೂ ಎರಡು ಕೈಯಲ್ಲಿ ಹಿಡಿದು, ಮುಖದಿಂದ ದೂರ ಇಟ್ಟು, ಮೆಲ್ಲಗೆ ಬಾಗಿಸಿ ತಿರುಗಿಸುತ್ತಾ ಕಿವಿಗೊಡಲಿ. ಚಿಟಕ್ ಅಂದರೆ ಆ ಬಾಣ ಮುರಿದು ಕಸಕ್ಕೆ ಹಾಕಿ. ಇದನ್ನು ಮಾಡದೆ ಬಿರುಕು ಬಿಟ್ಟ ಬಾಣ ಹೂಡಿದ ಹುಡುಗನೊಬ್ಬನ ಅಂಗೈಯಿಂದ ಕಾರ್ಬನ್ ಚೂರು ತೆಗೆಸಲು ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಆ ದಿನ ಮರೆಯಲು ಆಗಿಲ್ಲ.

ನಾಳೆ ಅಳತೆ ಮಾಡಿ ಮೂರು ಸಂಖ್ಯೆ ಇಲ್ಲೇ ಬರೆಯಿರಿ: ತಕ್ಕಡಿ ಹಾಕಿ ಎಳೆದಾಗ ಬಂದ ಪೌಂಡ್, ರೆಸ್ಟ್‌ವರೆಗಿನ ಬಾಣದ ಉದ್ದ, ಆರು ತಿಂಗಳಲ್ಲಿ ಎಷ್ಟು ಪೌಂಡ್‌ಗೆ ಏರಿಸುತ್ತೀರಿ ಅನ್ನುವುದು. ಮೊದಲು ಆರೇ ಬಾಣ ತರಿಸೋಣ. ಹಲಗೆಯಲ್ಲಿ ಒಟ್ಟಿಗೆ ಕೂತರೆ ಇನ್ನೂ ಆರು ತರಿಸೋಣ.