ಮ್ಯಾಂಚೆಸ್ಟರ್ ಯುನೈಟೆಡ್ ದಾರಿ ತಪ್ಪಿದ್ದು ಎಲ್ಲಿ: ಆಡಳಿತದಲ್ಲೋ, ಆಟಗಾರರ ಖರೀದಿಯಲ್ಲೋ?

ಕೋಡಿಬಾಗ 10 (ಕಾರವಾರ)

ಮಾಲಾದೇವಿ ಮೈದಾನದಲ್ಲಿ ಸಂಜೆ ಯುನೈಟೆಡ್ ಮಾತು ಎದ್ದರೆ ಕತ್ತಲಾದರೂ ವಾದ ಮುಗಿಯುವುದಿಲ್ಲ. ಅರ್ಧ ಜನ ಕ್ಲಬ್ ಮಾಲೀಕರಾದ ಗ್ಲೇಜರ್ ಕುಟುಂಬವನ್ನು ಬಯ್ಯುತ್ತಾರೆ, ಉಳಿದವರು ಒಬ್ಬೊಬ್ಬ ಕೋಚ್‌ನ ಹೆಸರು ಹಿಡಿದು ಕೂರುತ್ತಾರೆ. 2013ರಲ್ಲಿ ಇಂಗ್ಲೆಂಡ್‌ನ ಪ್ರೀಮಿಯರ್ ಲೀಗ್ ಗೆದ್ದ ತಂಡ 2024-25ರಲ್ಲಿ 42 ಅಂಕ ಗಳಿಸಿ 15ನೇ ಸ್ಥಾನಕ್ಕೆ ಬಂತು. ದುಡ್ಡಿಲ್ಲದೆ ಬಿದ್ದಿದ್ದರೆ ಅರ್ಥವಾಗುತ್ತಿತ್ತು. ಇದು ದುಡ್ಡು ಸುರಿದೂ ಬಿದ್ದ ತಂಡ.

ಯಾವ ನಿರ್ಧಾರ ಯಾವ ವರ್ಷ ಕೈಕೊಟ್ಟಿತು, ಅದರಿಂದ ಮುಂದೆ ಏನಾಯಿತು ಎಂದು ಗೊತ್ತಿದ್ದವರು ಬಿಡಿಸಿ ಬರೆಯಿರಿ. ಮಳೆಗಾಲ ಮುಗಿದ ಮೇಲೆ ಇಲ್ಲೊಂದು ತಂಡ ಕಟ್ಟುವ ಮಾತು ನಡೆದಿದೆ. ಆಯ್ಕೆ ಸಮಿತಿಗೆ ಉಪಯೋಗಕ್ಕೆ ಬರುವಂಥದ್ದು ಇದ್ದರೆ ಅದನ್ನೂ ಹೇಳಿ.

ಶಿರಸಿ ಸ್ಟಾಪರ್

2013ರ ಮೇ ತಿಂಗಳಿಂದಲೇ ಶುರು ಮಾಡಬೇಕು. ಕೋಚ್ ಫರ್ಗ್ಯುಸನ್ ನಿವೃತ್ತಿಯಾದದ್ದು ಎಲ್ಲರ ನೆನಪಿನಲ್ಲಿದೆ. ಅದೇ ಬೇಸಿಗೆಯಲ್ಲಿ ಸಿಇಒ ಡೇವಿಡ್ ಗಿಲ್ ಕೂಡ ಹೊರಟರು, ಅದನ್ನು ಯಾರೂ ಎತ್ತುವುದಿಲ್ಲ. ಆಟಗಾರ ಬೇಕೋ ಬೇಡವೋ ಎಂದು ಹೇಳುತ್ತಿದ್ದವರು ಒಬ್ಬರು, ಬೆಲೆ ಕುದುರಿಸುತ್ತಿದ್ದವರು ಇನ್ನೊಬ್ಬರು. ಇಬ್ಬರೂ ಒಟ್ಟಿಗೆ ಖಾಲಿ. ಗಿಲ್ ಜಾಗಕ್ಕೆ ಬಂದ ಎಡ್ ವುಡ್‌ವರ್ಡ್ ಬ್ಯಾಂಕಿಂಗ್ ಕ್ಷೇತ್ರದವರು. ಪ್ರಾಯೋಜಕರನ್ನು ತರುವುದರಲ್ಲಿ ನಿಪುಣರು, ಆದರೆ ಆಟಗಾರರ ವ್ಯವಹಾರ ನಡೆಸಿ ಗೊತ್ತಿರಲಿಲ್ಲ.

ಮೊದಲ ಬೇಸಿಗೆಯಲ್ಲೇ ಅದು ಕಾಣಿಸಿತು. ಎವರ್ಟನ್‌ನ ಫೆಲೈನಿಗೆ 2.35 ಕೋಟಿ ಪೌಂಡ್‌ನ ಬಿಡುಗಡೆ ಷರತ್ತು (ಅಷ್ಟು ಕೊಟ್ಟರೆ ಕ್ಲಬ್ ಬಿಟ್ಟುಕೊಡಲೇಬೇಕು) ಇತ್ತು, ಜುಲೈ ಕೊನೆಗೆ ಅದರ ಅವಧಿ ಮುಗಿಯಿತು. ಯುನೈಟೆಡ್ ಅವನನ್ನು ಕೊಂಡದ್ದು ಕಿಟಕಿ (ಆಟಗಾರರನ್ನು ಕೊಳ್ಳಲು ಇರುವ ನಿಗದಿತ ಅವಧಿ) ಮುಚ್ಚುವ ದಿನ, 2.75 ಕೋಟಿಗೆ. ಕೋಚ್ ಆಗಿ ಬಂದಿದ್ದ ಮೊಯ್ಸ್ ಅದೇ ಎವರ್ಟನ್‌ನಿಂದ ಬಂದವರು, ಷರತ್ತು ಗೊತ್ತಿಲ್ಲದ ವಿಷಯವಲ್ಲ. ನಿರ್ಧರಿಸುವವರು ಇರಲಿಲ್ಲ, ಅಷ್ಟೇ.

ಗೆದ್ದ ತಂಡದ ವಯಸ್ಸನ್ನೂ ನೋಡಿ. ಗಿಗ್ಸ್‌ಗೆ 39, ಸ್ಕೋಲ್ಸ್‌ಗೆ 38, ಫರ್ಡಿನಾಂಡ್‌ಗೆ 34, ಎವ್ರಾಗೆ 32, ವಿಡಿಚ್‌ಗೆ 31. ಮರುವರ್ಷದ ಬೇಸಿಗೆಯಲ್ಲಿ ಫರ್ಡಿನಾಂಡ್, ವಿಡಿಚ್, ಎವ್ರಾ ಮೂವರೂ ಹೋದರು. ಡಿಫೆನ್ಸ್‌ನ ಮುಕ್ಕಾಲು ಪಾಲು ಒಂದೇ ಸಲ ಹೋಯಿತು. ಇದು ಎರಡು ವರ್ಷ ಮುಂಚೆಯೇ ಗೊತ್ತಿದ್ದ ಲೆಕ್ಕ.

ಆಮೇಲೆ ಮೊಯ್ಸ್, ವಾನ್ ಗಾಲ್, ಮೊರಿನ್ಯೊ, ಸೋಲ್ಶೇರ್, ಮಧ್ಯೆ ರಾಂಗ್ನಿಕ್, ಟೆನ್ ಹಾಗ್, ಅಮೋರಿಮ್. ಒಬ್ಬರ ಆಟ ಇನ್ನೊಬ್ಬರದ್ದಲ್ಲ. ಚೆಂಡು ಹಿಡಿದಿಟ್ಟು ಆಡಿಸುವ ವಾನ್ ಗಾಲ್ ಆದ ಮೇಲೆ ಹಿಂದೆ ಕೂತು ಕಾಯುವ ಮೊರಿನ್ಯೊ, ಅವರಾದ ಮೇಲೆ ಚೆಂಡು ಕಸಿದೊಡನೆ ಮುನ್ನುಗ್ಗುವ ಕೌಂಟರ್ ನೆಚ್ಚಿದ ಸೋಲ್ಶೇರ್. ಪ್ರತಿ ಸಲ ಹಳೆಯ ಕೋಚ್‌ನ ಆಟಗಾರರು ಬೆಂಚಿಗೆ ಹೋದರು, ಹೊಸಬರು ತಮಗೆ ಬೇಕಾದವರನ್ನು ಕೇಳಿದರು. 2018ರಲ್ಲಿ ಮೊರಿನ್ಯೊ ಡಿಫೆನ್ಸ್‌ನ ನಡುವೆ ನಿಲ್ಲುವ ಸೆಂಟರ್‌ಬ್ಯಾಕ್ ಬೇಕೆಂದಾಗ ಕೊಡಲಿಲ್ಲ. ಅವರನ್ನು ಕಳಿಸಿ ಮರುವರ್ಷವೇ ಮಗ್ವೈರ್‌ಗೆ 8 ಕೋಟಿ ಪೌಂಡ್ ಕೊಟ್ಟರು. ಆಟದ ರೀತಿಯನ್ನು ಕಾಯುವ ಫುಟ್‌ಬಾಲ್ ನಿರ್ದೇಶಕ ಎಂಬ ಹುದ್ದೆ ಈ ಕ್ಲಬ್‌ನಲ್ಲಿ ಹುಟ್ಟಿದ್ದೇ 2021ರ ಮಾರ್ಚ್‌ನಲ್ಲಿ. ನನ್ನ ಪ್ರಕಾರ ಮೂಲ ತಪ್ಪು ಇದೊಂದೇ, ಉಳಿದದ್ದೆಲ್ಲ ಇದರ ಬೆನ್ನಿಗೆ ಬಂದವು.

ಖರೀದಿ ಹೇಗೆ ಕೆಡುತ್ತದೆ ಎಂದು ನೋಡಲು 2022ರ ಬೇಸಿಗೆ ಸಾಕು. ಟೆನ್ ಹಾಗ್ ಬಂದರು, ಮಿಡ್‌ಫೀಲ್ಡ್‌ಗೆ ಬಾರ್ಸಿಲೋನಾದ ಫ್ರೆಂಕಿ ಡಿ ಯಾಂಗ್ ಬೇಕೆಂದರು. ಅವನಿಗೆ ಬರುವ ಮನಸ್ಸಿರಲಿಲ್ಲ, ಆದರೂ ಬೇಸಿಗೆ ಪೂರ್ತಿ ಅವನ ಹಿಂದೆಯೇ ಹೋದರು. ಪಟ್ಟಿಯಲ್ಲಿ ಅದೇ ಬಗೆಯ ಎರಡನೇ ಹೆಸರು ಸಿದ್ಧವಿರಲಿಲ್ಲ. ಆಗಸ್ಟ್ 7ಕ್ಕೆ ಬ್ರೈಟನ್ ತಂಡ ಯುನೈಟೆಡ್‌ನ ಮೈದಾನಕ್ಕೇ ಬಂದು 2-1ರಿಂದ ಸೋಲಿಸಿತು, 13ಕ್ಕೆ ಬ್ರೆಂಟ್‌ಫರ್ಡ್ ಮೊದಲ 35 ನಿಮಿಷದಲ್ಲೇ ನಾಲ್ಕು ಗೋಲು ಹೊಡೆಯಿತು. ಆಗ ಹುಟ್ಟಿದ ಗಾಬರಿಯಲ್ಲಿ 30 ತುಂಬಿದ ಕಸೆಮಿರೊಗೆ ನಾಲ್ಕು ವರ್ಷದ ಒಪ್ಪಂದ, ಬೋನಸ್ ಸೇರಿ 7 ಕೋಟಿ ಪೌಂಡ್‌ವರೆಗೆ. ಆಟಗಾರ ದೊಡ್ಡವನೇ, ಮೊದಲ ವರ್ಷ ಚೆನ್ನಾಗಿಯೇ ಆಡಿದ. ಆದರೆ ಡಿ ಯಾಂಗ್ ಚೆಂಡು ಹಿಡಿದು ಮುಂದೆ ನುಗ್ಗುವವ, ಕಸೆಮಿರೊ ಎದುರಾಳಿಯ ದಾಳಿ ಮುರಿಯುವವ. ಒಬ್ಬನಿಗೆ ಇನ್ನೊಬ್ಬ ಬದಲಿ ಅಲ್ಲವೇ ಅಲ್ಲ.

ಅದೇ ಹೊತ್ತಿಗೆ ಆ್ಯಂಟನಿ. ಕೋಚ್ ಡಚ್ ಕ್ಲಬ್ ಅಯಾಕ್ಸ್‌ನಿಂದ ಬಂದವರು, ಜುಲೈನಲ್ಲಿ ಅಲ್ಲಿಂದಲೇ ಲಿಸಾಂಡ್ರೊ ಮಾರ್ಟಿನೆಜ್‌ನನ್ನು ತರಿಸಿಕೊಂಡಿದ್ದರು. ಯುನೈಟೆಡ್‌ಗೆ ಬೇರೆ ದಾರಿಯಿಲ್ಲ, ಕಿಟಕಿ ಮುಚ್ಚಲು ದಿನ ಉಳಿದಿಲ್ಲ ಎಂದು ಅಯಾಕ್ಸ್‌ಗೆ ಗೊತ್ತಿತ್ತು. ಬೆಲೆ 9.5 ಕೋಟಿ ಯೂರೊ, ಮೇಲೆ ಬೋನಸ್. ಎಡಗಾಲಿನ ರೈಟ್ ವಿಂಗರ್, ಬಲಗಾಲಿನಿಂದ ಹೊರಗೆ ದಾಟುವುದು ಅಪರೂಪ. ಪ್ರತಿ ಸಲ ಒಳಕ್ಕೇ ತಿರುಗುತ್ತಾನೆಂದು ತಿಳಿದ ಮೇಲೆ ಎದುರಾಳಿಯ ಬದಿ ಕಾಯುವ ಫುಲ್‌ಬ್ಯಾಕ್ ಒಳಗಿನ ದಾರಿ ಕಟ್ಟಿ ನಿಂತರೆ ಸಾಕಾಗುತ್ತಿತ್ತು. ಡಚ್ ಲೀಗ್‌ನಲ್ಲಿ ಸಿಗುತ್ತಿದ್ದ ಅರ್ಧ ಸೆಕೆಂಡ್ ಇಂಗ್ಲೆಂಡ್‌ನಲ್ಲಿ ಸಿಗುವುದಿಲ್ಲ. ವಿಡಿಯೊ ನೋಡುವ ಸ್ಕೌಟ್ ಮೊದಲು ಕೇಳಬೇಕಾದ ಪ್ರಶ್ನೆಯೇ ಇದು.

ಬೈತಖೋಲ ಬ್ಯಾಕ್

ಮೇಲಿನವರು ಆಟದ ಕಡೆ ಹೇಳಿದರು, ನಾನು ಲೆಕ್ಕದ ಪುಸ್ತಕದ ಕಡೆ ಬರುತ್ತೇನೆ. ಇದು ಗೊತ್ತಿಲ್ಲದೆ ಯುನೈಟೆಡ್ ಯಾಕೆ ಸಿಕ್ಕಿಬಿತ್ತು ಎಂದು ತಿಳಿಯುವುದಿಲ್ಲ.

ಬೋಟ್ ಕೊಂಡವರು ಅದರ ಬೆಲೆಯನ್ನು ಇಷ್ಟು ವರ್ಷ ಎಂದು ಹಂಚಿ ಸವಕಳಿ ತೋರಿಸುತ್ತಾರಲ್ಲ, ಆಟಗಾರನ ಲೆಕ್ಕವೂ ಹಾಗೆಯೇ. ಆ್ಯಂಟನಿಗೆ 9.5 ಕೋಟಿ ಯೂರೊ, ಐದು ವರ್ಷದ ಒಪ್ಪಂದ ಎಂದರೆ ವರ್ಷಕ್ಕೆ 1.9 ಕೋಟಿ ಖರ್ಚು. ಮೂರು ವರ್ಷ ಕಳೆದರೆ ಪುಸ್ತಕದಲ್ಲಿ ಉಳಿದ ಬೆಲೆ 3.8 ಕೋಟಿ. 2025ರ ಸೆಪ್ಟೆಂಬರ್‌ನಲ್ಲಿ ಆ್ಯಂಟನಿಯನ್ನು ಸ್ಪೇನ್‌ನ ಬೆಟಿಸ್‌ಗೆ ಮಾರಿದಾಗ ಬೋನಸ್ ಎಲ್ಲ ಸೇರಿದರೂ ಬರುವುದು ಸುಮಾರು 2.5 ಕೋಟಿ. ಉಳಿದ 1.3 ಕೋಟಿ ಆ ವರ್ಷದ ನಷ್ಟಕ್ಕೆ ನೇರ ಸೇರುತ್ತದೆ. ಪ್ರೀಮಿಯರ್ ಲೀಗ್ ನಿಯಮದಲ್ಲಿ ಮೂರು ವರ್ಷಕ್ಕೆ ಒಟ್ಟು 10.5 ಕೋಟಿ ಪೌಂಡ್‌ಗಿಂತ ಹೆಚ್ಚು ನಷ್ಟ ತೋರಿಸುವಂತಿರಲಿಲ್ಲ. ಹೀಗಾಗಿ ಕೆಟ್ಟ ಖರೀದಿಯನ್ನು ಬೇಗ ಮಾರಲೂ ಆಗುವುದಿಲ್ಲ, ಇಟ್ಟುಕೊಂಡರೆ ಸಂಬಳದ ಹೊರೆ. ಆಟಗಾರನನ್ನು ಬೇರೆ ಕ್ಲಬ್‌ಗೆ ಆಡಲು ಸಾಲಕ್ಕೆ ಕೊಟ್ಟು ದಿನ ದೂಡುವುದೇ ಉಳಿಯುವ ದಾರಿ. ಸಾಂಚೊನದ್ದೂ ಅದೇ ಕತೆ: 2021ರಲ್ಲಿ 7.3 ಕೋಟಿ ಪೌಂಡ್ ಕೊಟ್ಟರು, 2023ರ ಸೆಪ್ಟೆಂಬರ್‌ನಲ್ಲಿ ಕೋಚ್ ಜೊತೆ ಕೆಟ್ಟಿತು, ಆಮೇಲೆ ಡಾರ್ಟ್‌ಮಂಡ್‌ಗೆ ಸಾಲ, ಚೆಲ್ಸಿಗೆ ಸಾಲ. ಚೆಲ್ಸಿಯವರು ಕೊಳ್ಳಬೇಕೆಂಬ ಷರತ್ತಿತ್ತು, 50 ಲಕ್ಷ ಪೌಂಡ್ ದಂಡ ಕಟ್ಟಿ ವಾಪಸ್ ಕಳಿಸಿದರು.

ಇದರ ಬಿಸಿ ತಟ್ಟಿದ್ದು ಅಕಾಡೆಮಿ ಹುಡುಗರಿಗೆ. ಮನೆಯಲ್ಲೇ ಬೆಳೆದವನಿಗೆ ಪುಸ್ತಕದಲ್ಲಿ ಬೆಲೆ ಸೊನ್ನೆ, ಮಾರಿದರೆ ಬಂದದ್ದೆಲ್ಲ ಲಾಭ. ಮ್ಯಾಕ್‌ಟಾಮಿನೆಯನ್ನು 2024ರ ಆಗಸ್ಟ್‌ನಲ್ಲಿ ಸುಮಾರು 2.5 ಕೋಟಿ ಪೌಂಡ್‌ಗೆ ನಾಪೋಲಿಗೆ ಕೊಟ್ಟರು. ಅವನು ಮೊದಲ ವರ್ಷವೇ ಇಟಲಿಯ ಲೀಗ್ ಗೆದ್ದ, ವರ್ಷದ ಆಟಗಾರನೂ ಆದ. ಲೆಕ್ಕ ಸರಿಮಾಡಲು ಒಳ್ಳೆಯವನನ್ನು ಕಳೆದುಕೊಳ್ಳುವುದು ಎಂದರೆ ಇದು. ತುಂಬ ಬೇಸರದ ಮಾರಾಟ.

ಒಪ್ಪಂದ ವಿಸ್ತರಣೆಯನ್ನೂ ಮರೆಯಬೇಡಿ. ಆಟಗಾರ ಉಚಿತವಾಗಿ ಹೋಗಿಬಿಟ್ಟರೆ ನಷ್ಟ ಎಂದು ಎಲ್ಲರ ಒಪ್ಪಂದ ಎಳೆದರು. ಫಿಲ್ ಜೋನ್ಸ್‌ಗೆ 2019ರ ಫೆಬ್ರವರಿಯಲ್ಲಿ 2023ರವರೆಗೆ ಸಹಿ ಹಾಕಿಸಿದರು. 2020ರ ಜನವರಿಯಿಂದ ಎರಡು ವರ್ಷ ಅವನು ಮೊಣಕಾಲು ನೋವಿನಿಂದ ಒಂದೂ ಪಂದ್ಯ ಆಡಲಿಲ್ಲ. ಇತ್ತ ಉಳಿಸಿಕೊಳ್ಳಬೇಕಾಗಿದ್ದ, 8.93 ಕೋಟಿ ಪೌಂಡ್‌ಗೆ ಕೊಂಡ ಪೊಗ್ಬಾ 2022ರಲ್ಲಿ ಬಿಡಿಗಾಸೂ ಬಾರದಂತೆ ಹೋದ. ಅವನು ಮೊದಲ ಸಲ, 2012ರಲ್ಲಿ, ಇದೇ ಕ್ಲಬ್ ಬಿಟ್ಟು ಹೋದದ್ದೂ ಒಪ್ಪಂದ ಮುಗಿದೇ.

ಕುಮಟಾ ಲೆಫ್ಟ್ ವಿಂಗ್

ಇಬ್ಬರೂ ಮಾಲೀಕರನ್ನು ಸುಲಭಕ್ಕೆ ಬಿಟ್ಟಿರಿ. 2005ರಲ್ಲಿ ಗ್ಲೇಜರ್ ಕುಟುಂಬ 79 ಕೋಟಿ ಪೌಂಡ್‌ಗೆ ಕ್ಲಬ್ ಕೊಂಡಾಗ ಬಹುಪಾಲು ಸಾಲದ ದುಡ್ಡು. ಅದರಲ್ಲಿ ದೊಡ್ಡ ಭಾಗ ಕ್ಲಬ್‌ನ ತಲೆಗೇ ಬಂತು. ಅದಕ್ಕೆ ಮೊದಲು ಕ್ಲಬ್‌ಗೆ ಸಾಲವೇ ಇರಲಿಲ್ಲ. ಕ್ಲಬ್‌ನ ಮೈದಾನ ಓಲ್ಡ್ ಟ್ರಾಫರ್ಡ್‌ನಲ್ಲಿ ಹೇಳಿಕೊಳ್ಳುವ ವಿಸ್ತರಣೆ ನಡೆದದ್ದು 2006ರಲ್ಲಿ, ಅಲ್ಲಿಗೇ ನಿಂತಿದೆ.

ಆದರೆ ಒಂದು ಮಾತು ಒಪ್ಪುತ್ತೇನೆ, ಖರೀದಿಗೆ ದುಡ್ಡು ಕಡಿಮೆಯಾಗಲಿಲ್ಲ. ಉದ್ಯಮಿ ರಾಟ್‌ಕ್ಲಿಫ್ 2024ರ ಫೆಬ್ರವರಿಯಲ್ಲಿ ಪಾಲು ಕೊಂಡು ಫುಟ್‌ಬಾಲ್ ಆಡಳಿತ ಹಿಡಿದ ಮೇಲೂ ಹಳೆಯ ಚಾಳಿ ಹೋಗಲಿಲ್ಲ ಎನ್ನುವುದೇ ಅದಕ್ಕೆ ಸಾಕ್ಷಿ. ಆ ಜುಲೈನಲ್ಲಿ ಟೆನ್ ಹಾಗ್ ಒಪ್ಪಂದ 2026ರವರೆಗೆ ಎಳೆದರು, ಅವರಿಗೆ ಹೊಂದುವ ಡಿ ಲಿಗ್ಟ್, ಮಜ್ರಾವಿಯನ್ನು ಕೊಂಡರು, ಅಕ್ಟೋಬರ್ 28ಕ್ಕೆ ಅವರನ್ನೇ ತೆಗೆದರು. ನ್ಯೂಕ್ಯಾಸಲ್ ಜೊತೆ ತಿಂಗಳುಗಟ್ಟಲೆ ಎಳೆದಾಡಿ ತಂದ ಕ್ರೀಡಾ ನಿರ್ದೇಶಕ ಆಶ್‌ವರ್ತ್ ಐದು ತಿಂಗಳಲ್ಲಿ ಹೊರಗೆ. ಕೋಚ್ ಬಳಗಕ್ಕೂ ಆಶ್‌ವರ್ತ್‌ಗೂ ಸೇರಿ ಪರಿಹಾರವೇ 1.45 ಕೋಟಿ ಪೌಂಡ್.

ನವೆಂಬರ್‌ನಲ್ಲಿ ಬಂದ ಅಮೋರಿಮ್ ಮೂವರು ಸೆಂಟರ್‌ಬ್ಯಾಕ್ ಇಟ್ಟು 3-4-2-1 ಆಡಿಸುವವರು. ತಂಡ ಕಟ್ಟಿದ್ದು ನಾಲ್ವರ ಡಿಫೆನ್ಸ್‌ನ 4-2-3-1ಕ್ಕೆ. ಕಿಟಕಿ ಜನವರಿವರೆಗೆ ಮುಚ್ಚಿದೆ, ಯುರೋಪಾ ಲೀಗ್ ಇರುವುದರಿಂದ ಗುರುವಾರ-ಭಾನುವಾರ ಪಂದ್ಯ, ನಡುವೆ ಅಭ್ಯಾಸಕ್ಕೆ ದಿನವೇ ಇಲ್ಲ. ವಿಂಗ್‌ಬ್ಯಾಕ್ (ಬದಿಯುದ್ದಕ್ಕೂ ಹಿಂದೆ-ಮುಂದೆ ಓಡುವವ) ಎಂದು ಒಬ್ಬನನ್ನು, ಇಟಲಿಯ ಲೆಚೆ ಕ್ಲಬ್‌ನ ಡೋರ್ಗುವನ್ನು, ತಂದದ್ದು ಫೆಬ್ರವರಿ ಹತ್ತಿರ ಬಂದ ಮೇಲೆ. ಮಿಡ್‌ಫೀಲ್ಡ್‌ನಲ್ಲಿ ಇಬ್ಬರೇ ನಿಂತು ಮೂವರನ್ನು ಎದುರಿಸಬೇಕಾಯಿತು, ಅದೂ ಓಟ ಕಡಿಮೆಯಾಗಿದ್ದ ಕಾಲುಗಳಲ್ಲಿ.

ಇದಕ್ಕೆ ಎದುರು ಬ್ರೈಟನ್ ನೋಡಿ. 2022ರ ಸೆಪ್ಟೆಂಬರ್‌ನಲ್ಲಿ ಚೆಲ್ಸಿ ಅವರ ಕೋಚ್ ಪಾಟರ್‌ನನ್ನು ಎತ್ತಿಕೊಂಡು ಹೋಯಿತು. ಡಿ ಜೆರ್ಬಿ ಬಂದರು, ಆ ವರ್ಷವೇ 6ನೇ ಸ್ಥಾನ. 50 ಲಕ್ಷ ಪೌಂಡ್‌ನೊಳಗೆ ತಂದ ಕೈಸೆಡೊನನ್ನು 2023ರಲ್ಲಿ ಬೋನಸ್ ಸೇರಿ 11.5 ಕೋಟಿಗೆ ಮಾರಿದರು. ಯಾರು ಹೋದರೆ ಯಾರು ಎಂಬ ಪಟ್ಟಿ ಅಲ್ಲಿ ಕೋಚ್ ಕೈಯಲ್ಲಿ ಇರುವುದಿಲ್ಲ, ಕ್ಲಬ್ ಕೈಯಲ್ಲಿ ಇರುತ್ತದೆ.

ಕೋಡಿಬಾಗ 10 (ಕಾರವಾರ)

ಮೂವರಿಗೂ ಧನ್ಯವಾದ, ಸವಕಳಿ ಲೆಕ್ಕ ಈಗ ಸ್ಪಷ್ಟವಾಯಿತು. ನಮ್ಮಂಥ ತಂಡಕ್ಕೆ ಪೌಂಡೂ ಇಲ್ಲ, ಸ್ಕೌಟೂ ಇಲ್ಲ. 20 ಜನರ ಪಟ್ಟಿ, ಅದರಲ್ಲಿ ಗೋವಾ ಕಡೆಯ ನಾಲ್ಕೈದು ಗೆಸ್ಟ್ ಆಟಗಾರರು ಎಂಬ ಯೋಚನೆ. ಎಲ್ಲಿ ಎಡವುತ್ತೇವೆ?

ಶಿರಸಿ ಸ್ಟಾಪರ್

ಗೆಸ್ಟ್ ಆಟಗಾರರಿಂದ ಶುರು ಮಾಡುವುದರಲ್ಲೇ ಎಡವುತ್ತೀರಿ. ಮೊದಲು ಸಮಿತಿ ಕೂತು ಎಂಥ ಆಟ ಎಂದು ಒಂದು ಹಾಳೆಯಲ್ಲಿ ಬರೆಯಲಿ: ನಾಲ್ವರ ಡಿಫೆನ್ಸೋ ಮೂವರದ್ದೋ, ಚೆಂಡು ಕಳೆದಾಗ ಮೇಲೇ ಒತ್ತುವುದೋ ಹಿಂದೆ ಸರಿಯುವುದೋ. ಆಮೇಲೆ ಹನ್ನೊಂದು ಜಾಗಕ್ಕೂ ಎರಡೆರಡು ಸ್ಥಳೀಯ ಹೆಸರು, ಎದುರಿಗೆ ವಯಸ್ಸು, ಯಾವ ಕಾಲು, ಹಳೆಯ ಗಾಯ. ಖಾಲಿ ಉಳಿದ ಜಾಗಕ್ಕೆ ಮಾತ್ರ ಹೊರಗಿನವರು. ಸಾಮಾನ್ಯವಾಗಿ ಖಾಲಿ ಉಳಿಯುವುದು ಸೆಂಟರ್‌ಬ್ಯಾಕ್ ಮತ್ತು ಎಡಗಾಲಿನ ಫುಲ್‌ಬ್ಯಾಕ್. ತಂಡಗಳು ದುಡ್ಡು ಕೊಡುವುದು ಮಾತ್ರ ಸ್ಟ್ರೈಕರ್‌ಗೆ. ಆಟಗಾರನನ್ನು ಆಡಿಸಿ ನೋಡುವುದಾದರೆ ಒಂದು ಸಲ ಒದ್ದೆ ಮೈದಾನದಲ್ಲೂ ನೋಡಿ, ಮೊದಲ ಟಚ್ ಅಲ್ಲಿ ಬಯಲಾಗುತ್ತದೆ.

ಪಟ್ಟಿ ಇಟ್ಟುಕೊಳ್ಳುವವನು ಕೋಚ್ ಆಗಿರಬಾರದು, ಸಮಿತಿಯ ಒಬ್ಬ ಖಾಯಂ ಸದಸ್ಯ ಆಗಿರಲಿ. ಬೇಡ ಎನ್ನುವ ಹಕ್ಕು ಕೋಚ್‌ಗೆ ಇರಲಿ.

ಬೈತಖೋಲ ಬ್ಯಾಕ್

ದುಡ್ಡಿನ ವಿಷಯಕ್ಕೆ: ಗೆಸ್ಟ್‌ಗಳಿಗೆ ಇಡೀ ಟೂರ್ನಿಯ ಮೊತ್ತ ಮುಂಗಡ ಕೊಡಬೇಡಿ, ಪಂದ್ಯಕ್ಕೆ ಇಷ್ಟು ಎಂದು ಇಡಿ. ಗಾಯವಾದರೆ ಆಸ್ಪತ್ರೆ ಖರ್ಚು ಯಾರದು, ಬಸ್-ಊಟ ಯಾರದು ಎಂದು ಮೊದಲೇ ಬರೆದು ಸಹಿ ಹಾಕಿಸಿ. ಒಬ್ಬನಿಗೆ ಮಾತ್ರ ಎರಡರಷ್ಟು ಕೊಟ್ಟರೆ ಮೂರನೇ ಪಂದ್ಯಕ್ಕೆ ಊರ ಹುಡುಗರು ಅಭ್ಯಾಸಕ್ಕೆ ಬರುವುದು ನಿಲ್ಲುತ್ತದೆ. ಅಲೆಕ್ಸಿಸ್ ಸಾಂಚೆಸ್ 2018ರಲ್ಲಿ ದೊಡ್ಡ ಸಂಬಳಕ್ಕೆ ಬಂದ ಮೇಲೆ ಯುನೈಟೆಡ್‌ನಲ್ಲಿ ಪ್ರತಿ ಒಪ್ಪಂದದ ಮಾತುಕತೆಯೂ ಅಲ್ಲಿಂದಲೇ ಶುರುವಾಗುತ್ತಿತ್ತು.

ಸ್ನೇಹದ ಟೂರ್ನಿಗೆ ತೊಂದರೆಯಿಲ್ಲ. ಅಧಿಕೃತ ಲೀಗ್‌ಗೆ ಇಳಿಯುವುದಾದರೆ ಹುಡುಗರ ನೋಂದಣಿ ಎಐಎಫ್‌ಎಫ್‌ನ (ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್) ಸಿಆರ್‌ಎಸ್ ಎಂಬ ಆನ್‌ಲೈನ್ ಕೇಂದ್ರ ನೋಂದಣಿ ವ್ಯವಸ್ಥೆಯಲ್ಲಿ ಆಗಬೇಕು. ಗೋವಾ ಕ್ಲಬ್‌ನಲ್ಲಿ ನೋಂದಾಯಿತನಾದವನು ಕರ್ನಾಟಕದ ಕ್ಲಬ್‌ಗೆ ಆಡಲು ವರ್ಗಾವಣೆ ಬೇಕು, ಹಳೆಯ ಕ್ಲಬ್ ಒಪ್ಪಬೇಕು. ಕೊನೆಯ ವಾರಕ್ಕೆ ಇಟ್ಟುಕೊಂಡರೆ ಆಟಗಾರ ಇದ್ದೂ ಕಿಟ್ ಹಾಕದೆ ಕೂರುತ್ತಾನೆ. ಹೆಸರು ಖಚಿತವಾದ ದಿನವೇ ಅವನ ಸಿಆರ್‌ಎಸ್ ಸ್ಥಿತಿ ಏನೆಂದು ಕೇಳಿ, ಆಮೇಲೆ ಜೆರ್ಸಿ ಸಂಖ್ಯೆ.