ಹಜಾರ್ಡ್ ಮತ್ತು ರಿಸ್ಕ್: ಎರಡಕ್ಕೂ ‘ಅಪಾಯ’ ಎಂದರೆ ಸಾಕೇ?

ಮಾನ್ಯರೇ,

ಉಸಿರಿನೊಡನೆ ದೇಹ ಸೇರುವ ನ್ಯಾನೊಕಣಗಳ (ಕಣ್ಣಿಗೆ ಕಾಣದಷ್ಟು ಅತಿಸೂಕ್ಷ್ಮ ಕಣಗಳ) ಕುರಿತು ರಾಯಚೂರಿನ ಪದವಿ ವಿದ್ಯಾರ್ಥಿಗಳಿಗಾಗಿ ಒಂದು ಪಾಠವನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಹಜಾರ್ಡ್, ರಿಸ್ಕ್ ಎರಡನ್ನೂ ನಾವು ಸಾಮಾನ್ಯವಾಗಿ ‘ಅಪಾಯ’ ಎಂದೇ ಬರೆಯುತ್ತೇವೆ. ಈ ಪಾಠದಲ್ಲಿ ಹಾಗೆ ಬರೆದರೆ ವಿಷಯವೇ ತಪ್ಪಾಗುತ್ತದೆ.

ಕಾರಣ ಈ ಕಣಗಳನ್ನು ಪರೀಕ್ಷಿಸುವ ಪ್ರಯೋಗದಲ್ಲೇ ಇದೆ. 1972ರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಗಡ್ಡೆಯೊಂದರಿಂದ ಬೇರ್ಪಡಿಸಿ ಇಂದಿಗೂ ಪ್ರಯೋಗಾಲಯಗಳಲ್ಲಿ ಬೆಳೆಸುತ್ತಿರುವ ಎ549 ಎಂಬಂಥ ಜೀವಕೋಶಗಳನ್ನು ಸಣ್ಣ ರಂಧ್ರಗಳುಳ್ಳ ಪೊರೆಯ ಮೇಲೆ ಹರಡಿ, ಕೆಳಗಿನಿಂದ ಪೋಷಕ ದ್ರವವನ್ನು ಒದಗಿಸಿ, ಮೇಲ್ಬದಿಯನ್ನು ಗಾಳಿಗೆ ತೆರೆದಿಟ್ಟು, ಕಣಗಳನ್ನು ಮಂಜಿನ ರೂಪದಲ್ಲಿ ಅವುಗಳ ಮೇಲೆ ಇಳಿಸುತ್ತಾರೆ. ಆಮೇಲೆ ಕೋಶಗಳು ಸತ್ತವೇ, ಉರಿಯೂತದ ಸಂಕೇತಗಳು ಹೊರಬಂದವೇ, ಡಿಎನ್‌ಎಗೆ ಪೆಟ್ಟಾಯಿತೇ ಎಂದು ನೋಡುತ್ತಾರೆ. ಇಷ್ಟರಿಂದ ತಿಳಿಯುವುದು ಕಣಕ್ಕೆ ಹಾನಿ ಮಾಡುವ ಗುಣ, ಅಂದರೆ ಹಜಾರ್ಡ್, ಇದೆಯೇ ಎಂಬುದು ಮಾತ್ರ. ಕೆಲಸಗಾರನೊಬ್ಬನಿಗೆ ಕಾಯಿಲೆ ಬರುವ ಸಂಭವವೆಷ್ಟು, ಅಂದರೆ ರಿಸ್ಕ್ ಎಷ್ಟು ಎಂದು ಹೇಳಬೇಕಾದರೆ, ಅವನು ಉಸಿರಾಡುವ ಗಾಳಿಯಲ್ಲಿ ಕಣಗಳೆಷ್ಟು, ಎಷ್ಟು ಹೊತ್ತು ಉಸಿರಾಡಿದ, ಶ್ವಾಸಕೋಶದ ಗಾಳಿಗೂಡುಗಳಲ್ಲಿ ಎಷ್ಟು ಉಳಿದವು ಎಂಬುದೂ ಗೊತ್ತಿರಬೇಕು.

ರಾಯಚೂರು ಬಳಿಯ ಶಕ್ತಿನಗರದ ಉಷ್ಣವಿದ್ಯುತ್ ಸ್ಥಾವರದಿಂದ ಬರುವ ಹಾರುಬೂದಿಯನ್ನು ಕಂಡವರಿಗೆ ಈ ವ್ಯತ್ಯಾಸ ಹೊಸದೇನಲ್ಲ. ಇಟ್ಟಿಗೆಯೊಳಗೆ ಸೇರಿ ಗಟ್ಟಿಯಾದ ಬೂದಿಯಲ್ಲೂ, ತಾಡಪತ್ರಿ ಹೊದಿಸದ ಲಾರಿಯಿಂದ ಒಣಗಾಳಿಗೆ ಏಳುವ ಬೂದಿಯಲ್ಲೂ ಇರುವುದು ಅದೇ ಸಿಲಿಕಾ. ಉಸಿರಿಗೆ ಸೇರುವ ಪ್ರಮಾಣ ಮಾತ್ರ ಒಂದೇ ಅಲ್ಲ.

ಆದ್ದರಿಂದ ಹಜಾರ್ಡ್‌ಗೆ ‘ಹಾನಿಗುಣ’, ರಿಸ್ಕ್‌ಗೆ ‘ಹಾನಿಸಂಭವ’ ಎಂದು ಬಳಸಬಹುದೇ? ‘ಗಂಡಾಂತರ’ ಎಂಬ ಸಲಹೆಯೂ ಬಂದಿತ್ತು. ಆದರೆ ಅದು ಜ್ಯೋತಿಷ್ಯದ ಕಡೆಗೆ ಎಳೆಯುವುದರಿಂದ ನನಗೆ ಒಪ್ಪಿಗೆಯಾಗಲಿಲ್ಲ. ‘ಹಾನಿಸಂಭವ’ದಲ್ಲಿ ಹೆಚ್ಚು, ಕಡಿಮೆ ಎಂಬ ಅಳತೆಗೆ ಎಡೆಯಿದೆ, ‘ಹಾನಿಸಂಭವ ಕಡಿಮೆ’ ಎಂದರೆ ಹಳ್ಳಿಯ ಓದುಗರಿಗೂ ಅರ್ಥವಾದೀತು.

ಇದರ ಜೊತೆಗೆ ಇನ್ನೊಂದು ಪದವೂ ಬೇಕಾಗಿದೆ. ಎಂಜಿನಿಯರ್ಡ್ ನ್ಯಾನೊಕಣವನ್ನು ‘ಮಾನವನಿರ್ಮಿತ’ ಎಂದರೆ ಡೀಸೆಲ್ ಹೊಗೆಯ ಮಸಿಯೂ ಅದರಲ್ಲಿ ಸೇರಿಬಿಡುತ್ತದೆ. ಆ ಮಸಿ ಯಾರೂ ಬಯಸಿ ಮಾಡಿದ್ದಲ್ಲ; ಟೈಟಾನಿಯಂ ಡೈಆಕ್ಸೈಡ್ ಕಣಗಳನ್ನಾದರೋ ನಿಶ್ಚಿತ ಬಳಕೆಗಾಗಿಯೇ 1ರಿಂದ 100 ನ್ಯಾನೊಮೀಟರ್ ಗಾತ್ರದಲ್ಲಿ ತಯಾರಿಸುತ್ತಾರೆ. ಈ ಉದ್ದೇಶ ಪದದಲ್ಲಿಯೇ ಕಾಣಬೇಕೆಂದು ಸದ್ಯಕ್ಕೆ ‘ಉದ್ದೇಶನಿರ್ಮಿತ’ ಎಂದು ಬರೆದುಕೊಂಡಿದ್ದೇನೆ. ಇದಕ್ಕಿಂತ ಹಗುರವಾದ, ಬಾಯಲ್ಲಿ ಸಲೀಸಾಗಿ ಹೊರಳುವ ಪದ ತಮಗೆ ಹೊಳೆದರೆ ದಯವಿಟ್ಟು ಬಳಕೆಯ ಒಂದು ವಾಕ್ಯದೊಡನೆ ತಿಳಿಸಿ.